ಕಂಬದ ಮೊಳೆ: ದೈವ–ಪೌರುಷ ವಾದಕ್ಕೆ ಎರಡು ಉತ್ತರಗಳು

ಹಿರೇಕೊಡಿಗೆಯನ್ನೊಳಗೊಂಡ ಕೊಪ್ಪ ಸೀಮೆಯ ಒಂದು ಬದಿಗೆ ಶೃಂಗೇರಿಯ ಶಾರದಾಪೀಠವಿದೆ, ಇನ್ನೊಂದು ಬದಿಗೆ ನರಸಿಂಹರಾಜಪುರದ ಸಿಂಹನಗದ್ದೆಯ ಜ್ವಾಲಾಮಾಲಿನೀ ಬಸದಿಯಿದೆ. ದೈವ ಪ್ರಬಲವೋ ಪೌರುಷ ಪ್ರಬಲವೋ ಎಂಬ ಪ್ರಶ್ನೆಗೆ ಈ ಎರಡು ಪರಂಪರೆಗಳ ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

1912ರಿಂದ 1954ರವರೆಗೆ ಶೃಂಗೇರಿಯ ಪೀಠದಲ್ಲಿದ್ದ ಶ್ರೀ ಚಂದ್ರಶೇಖರ ಭಾರತೀ ಸ್ವಾಮಿಗಳು ಈ ಕುರಿತು ಶಿಷ್ಯನೊಬ್ಬನೊಡನೆ ನಡೆಸಿದ ಸಂವಾದವನ್ನು ಆರ್. ಕೃಷ್ಣಸ್ವಾಮಿ ಅಯ್ಯರ್ ಅವರು ಇಂಗ್ಲಿಷಿನಲ್ಲಿ ದಾಖಲಿಸಿದ್ದಾರೆ. ಹಿಂದೆ ಮಾಡಿದ ಪ್ರಯತ್ನವೇ ಇಂದಿನ ದೈವ ಎಂಬುದು ಸ್ವಾಮಿಗಳ ನಿಲುವು. ಕಂಬಕ್ಕೆ ಮೊಳೆ ಹೊಡೆದವನು ತಾನೇ. ಎಷ್ಟು ಆಳಕ್ಕೆ ಇಳಿದಿದೆ ಎಂಬ ನೆನಪಿಲ್ಲ. ಕೀಳಲು ತೊಡಗದೆ ಅದರ ಬಿಗಿ ತಿಳಿಯದು. ಮೊದಲ ಎಳೆತಕ್ಕೆ ಬರಲಿಲ್ಲವೆಂದ ಮಾತ್ರಕ್ಕೆ ಅದು ಬಾರದ ಮೊಳೆಯೆಂದು ತೀರ್ಮಾನಿಸುವಂತಿಲ್ಲ.

ಈ ದೃಷ್ಟಾಂತ ಪೂರ್ವಜನ್ಮವನ್ನು ಸಾಧಿಸುವುದಿಲ್ಲ, ಅದನ್ನು ಒಪ್ಪಿಕೊಂಡೇ ಹೊರಡುತ್ತದೆ. ಸಾಧಕನು ತನಗೆ ತಾನೇ ಹೇಳಿಕೊಂಡಾಗ ಅದು ಧೈರ್ಯದ ಮಾತು. ನೊಂದವನೆದುರು ನಿಂತು ‘ಮೊಳೆ ಹೊಡೆದವನು ನೀನೇ’ ಎಂದರೆ ಅದೇ ಮಾತು ಕ್ರೌರ್ಯವಾಗುತ್ತದೆ. ನಮ್ಮ ಸಮಾಜದಲ್ಲಿ ಕರ್ಮಸಿದ್ಧಾಂತ ಹೆಚ್ಚಾಗಿ ಬಳಕೆಯಾದದ್ದು ಈ ಎರಡನೆಯ ಬಗೆಯಲ್ಲೇ ಎಂಬುದು ನನ್ನ ಎಣಿಕೆ. ಜೈನರೂ ಇದಕ್ಕೆ ಹೊರತಲ್ಲ.

ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯ 88ರಿಂದ 91ನೆಯ ಕಾರಿಕೆಗಳಲ್ಲಿ ಎರಡೂ ಏಕಾಂತಗಳನ್ನು ಖಂಡಿಸುತ್ತಾರೆ. ಎಲ್ಲವೂ ದೈವದಿಂದಲೇ ಆಗುವುದಾದರೆ ಆ ದೈವ ಪೌರುಷದಿಂದ ಹುಟ್ಟಿತೆನ್ನುವುದು ಹೇಗೆ? ದೈವದಿಂದಲೇ ದೈವವೆಂದರೆ ಮೋಕ್ಷವೇ ಇಲ್ಲ. ಎಲ್ಲವೂ ಪೌರುಷದಿಂದಲೇ ಎನ್ನುವುದಾದರೆ ಯಾವ ಪ್ರಾಣಿಯ ಪ್ರಯತ್ನವೂ ವಿಫಲವಾಗಬಾರದಿತ್ತು. ಕೊನೆಗೆ ಆಚಾರ್ಯರು ಎಳೆಯುವ ಗೆರೆ ಇದು: ಬುದ್ಧಿಪೂರ್ವಕವಲ್ಲದೆ ಒದಗಿದ ಇಷ್ಟಾನಿಷ್ಟಗಳು ದೈವದಿಂದ, ಬುದ್ಧಿಪೂರ್ವಕವಾದವು ಪೌರುಷದಿಂದ. ವಿಶ್ವದ ರಚನೆಯನ್ನು ಕುರಿತ ನಿರ್ಣಯಕ್ಕಿಂತ ಇದು ಹೊಣೆಗಾರಿಕೆಯ ವಿಂಗಡಣೆಯೆಂದೇ ನನಗೆ ತೋರುತ್ತದೆ. ಅರಿತು ಮಾಡಿದ್ದನ್ನು ದೈವದ ತಲೆಗೆ ಕಟ್ಟುವಂತಿಲ್ಲ.

ಹಾಗಾದರೆ ಎಷ್ಟು ಎಳೆದರೂ ಬಾರದ ಮೊಳೆ ಇದೆಯೇ? ನೇಮಿಚಂದ್ರರ ‘ಗೊಮ್ಮಟಸಾರ’ದ ಕರ್ಮಕಾಂಡವು ಕರ್ಮದ ಹತ್ತು ಕರಣಗಳನ್ನು ಹೇಳುತ್ತದೆ. ಉತ್ಕರ್ಷಣ, ಅಪಕರ್ಷಣ, ಸಂಕ್ರಮಣ, ಉದೀರಣೆಗಳು ಕಟ್ಟಿದ ಕರ್ಮವೂ ಬದಲಾಗಬಲ್ಲುದೆಂದು ತೋರಿಸುತ್ತವೆ; ನಿಕಾಚಿತ ಕರ್ಮಕ್ಕೆ ಮಾತ್ರ ಇವು ಸಲ್ಲವು. ಈ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡದಲ್ಲಿಯೇ ವೃತ್ತಿ ಬರೆದನು. ಕನ್ನಡ ಶಾಸ್ತ್ರಗದ್ಯದ ಅಭ್ಯಾಸಿಗಳು ಇದನ್ನು ಓದಲೇಬೇಕು. ಆದರೆ ಆ ನಿಕಾಚಿತವೂ ಜಿನಬಿಂಬದರ್ಶನದಿಂದ ಕರಗುವುದೆಂದು ವೀರಸೇನರು ‘ಧವಲಾ’ ಟೀಕೆಯಲ್ಲಿ ಬರೆದಿದ್ದಾರೆ.