ರಾಸಾಯನಿಕ ಬಂಧ ಮುರಿದರೆ ಶಕ್ತಿ ಬಿಡುಗಡೆಯಾಗುತ್ತದೆಯೇ? ಹವ್ಯಾಸಿಗಳ ನಡುವಿನ ಹಳೆಯ ತಕರಾರು

ರಸಾಯನಶಾಸ್ತ್ರವನ್ನು ಹವ್ಯಾಸವಾಗಿ ಓದುವವರು, ಮನೆಯಲ್ಲೇ ಸಣ್ಣಪುಟ್ಟ ಪ್ರಯೋಗ ಮಾಡುವವರು ಸೇರಿ ಬಂಧಗಳ ಬಗ್ಗೆ ಮಾತಿಗಿಳಿದರೆ ಒಂದು ವಾದ ಬಂದೇ ಬರುತ್ತದೆ. ಬಂಧದೊಳಗೆ ಶಕ್ತಿ ಅಡಗಿರುತ್ತದೆ, ಬಂಧ ಮುರಿದಾಗ ಅದು ಹೊರಬರುತ್ತದೆ ಎಂಬುದು ಆ ವಾದ. ಕೇಳುವುದಕ್ಕೆ ಸರಿ ಎನಿಸಿದರೂ ಇದು ತಪ್ಪು. ಯಾವುದೇ ರಾಸಾಯನಿಕ ಬಂಧವನ್ನು ಮುರಿಯಲು ಶಕ್ತಿ ಕೊಡಬೇಕು. ಹೊಸ ಬಂಧ ಏರ್ಪಟ್ಟಾಗ ಮಾತ್ರ ಶಕ್ತಿ ಹೊರಬರುತ್ತದೆ.

ಅಂಟಿಕೊಂಡ ಎರಡು ಅಯಸ್ಕಾಂತಗಳನ್ನು ನೆನೆಸಿಕೊಂಡರೆ ಸಾಕು. ಬಿಡಿಸಲು ಬಲ ಹಾಕಬೇಕು, ಹತ್ತಿರ ತಂದರೆ ತಾವಾಗಿಯೇ ಟಕ್ಕನೆ ಕೂಡಿಕೊಳ್ಳುತ್ತವೆ. ಪರಮಾಣುಗಳ ನಡುವೆ ಕೆಲಸ ಮಾಡುವುದು ಅಯಸ್ಕಾಂತದ ಬಲವಲ್ಲ, ಎಲೆಕ್ಟ್ರಾನ್ ಮತ್ತು ನ್ಯೂಕ್ಲಿಯಸ್‌ಗಳ ನಡುವಿನ ವಿದ್ಯುತ್ ಸೆಳೆತ. ಆದರೆ ಲೆಕ್ಕ ಅದೇ.

ಜಮಾ ಎಷ್ಟು, ಖರ್ಚು ಎಷ್ಟು?

ಹೈಡ್ರೋಜನ್ ಉರಿದು ನೀರಾಗುವ ಕ್ರಿಯೆಯನ್ನು ನೋಡಬಹುದು. ಎರಡು ಹೈಡ್ರೋಜನ್ ಅಣುಗಳು ಒಂದು ಆಕ್ಸಿಜನ್ ಅಣುವಿನೊಂದಿಗೆ ಸೇರಿ ಎರಡು ನೀರಿನ ಅಣುಗಳಾಗುತ್ತವೆ. ಹೈಡ್ರೋಜನ್ ಅಣುವಿನ ಬಂಧ ಮುರಿಯಲು ಪ್ರತಿ ಮೋಲ್‌ಗೆ 436 ಕಿಲೋಜೌಲ್ ಬೇಕು. ಆಕ್ಸಿಜನ್ನಿನ ಜೋಡಿ ಬಂಧಕ್ಕೆ 498. ಹಾಗಾಗಿ ಒಟ್ಟು ಖರ್ಚು 436ರ ಎರಡರಷ್ಟು ಮತ್ತು 498, ಅಂದರೆ 1,370 ಕಿಲೋಜೌಲ್. ನೀರಿನ ಎರಡು ಅಣುಗಳಲ್ಲಿ ಆಕ್ಸಿಜನ್-ಹೈಡ್ರೋಜನ್ ಬಂಧಗಳು ನಾಲ್ಕು. ಒಂದೊಂದು ಏರ್ಪಟ್ಟಾಗಲೂ ಸುಮಾರು 463 ಕಿಲೋಜೌಲ್ ಜಮಾ ಆಗುತ್ತದೆ, ಒಟ್ಟು 1,852. ವ್ಯತ್ಯಾಸ 482 ಕಿಲೋಜೌಲ್. ಜ್ವಾಲೆಯಾಗಿ, ಶಾಖವಾಗಿ ಹೊರಬರುವುದು ಈ ಉಳಿಕೆ. ಪ್ರಯೋಗಾಲಯದಲ್ಲಿ ಅಳೆದ ಬೆಲೆಯೂ ಇದಕ್ಕೆ ಬಹಳ ಹತ್ತಿರ, ಪ್ರತಿ ಮೋಲ್ ನೀರಾವಿಗೆ ಸುಮಾರು 242 ಕಿಲೋಜೌಲ್.

ಖರ್ಚಿಗಿಂತ ಜಮಾ ಹೆಚ್ಚಾದರೆ ಅದು ಬಹಿರುಷ್ಣಕ ಕ್ರಿಯೆ, ಕಡಿಮೆಯಾದರೆ ಅಂತರುಷ್ಣಕ ಕ್ರಿಯೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ಎರಡು ಪದಗಳ ಹಿಂದೆ ಇರುವುದು ಇಷ್ಟೇ.

ಲಾಭದ ವ್ಯವಹಾರವೇ ಆದರೂ ಮೊದಲು ಬಂಡವಾಳ ಹಾಕಬೇಕು. ಅಡುಗೆ ಅನಿಲ ಗಾಳಿಯೊಂದಿಗೆ ಬೆರೆತ ಮಾತ್ರಕ್ಕೆ ಉರಿಯುವುದಿಲ್ಲ, ಲೈಟರಿನ ಕಿಡಿ ಬೇಕು. ಮೊದಲ ಕೆಲವು ಬಂಧಗಳನ್ನು ಸಡಿಲಿಸುವ ಖರ್ಚನ್ನು ಆ ಕಿಡಿ ಭರಿಸುತ್ತದೆ. ನಂತರ ಹೊಸ ಬಂಧಗಳಿಂದ ಬರುವ ಶಾಖವೇ ಮುಂದಿನ ಅಣುಗಳಿಗೆ ಬಂಡವಾಳ. ಹೈಡ್ರೋಜನ್ನಿಗೆ ಬೇಕಾದ ಕಿಡಿಯಂತೂ ತೀರಾ ಸಣ್ಣದು. ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಎಷ್ಟೇ ಪ್ರಮಾಣದಲ್ಲಿ ಬೆರೆತಿದ್ದರೂ ಅದು ಹೊತ್ತಿಕೊಳ್ಳಬಲ್ಲದು. ಜಾತ್ರೆ, ಹುಟ್ಟುಹಬ್ಬಗಳಲ್ಲಿ ಹೀಲಿಯಂ ಬದಲು ಹೈಡ್ರೋಜನ್ ತುಂಬಿದ ಬಲೂನುಗಳು ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ.

ತಪ್ಪು ಕಲ್ಪನೆ ಬಂದದ್ದೆಲ್ಲಿಂದ?

ಇದರಲ್ಲಿ ಹವ್ಯಾಸಿಗಳನ್ನು ಮಾತ್ರ ದೂರುವಂತಿಲ್ಲ. ಜೀವಶಾಸ್ತ್ರದ ಪಾಠಗಳಲ್ಲಿ ಎಟಿಪಿ ಅಣುವಿನ ಫಾಸ್ಫೇಟ್ ಬಂಧವನ್ನು 'ಅಧಿಕ ಶಕ್ತಿಯ ಬಂಧ' ಎಂದು ಹೇಳಿಕೊಡುವ ರೂಢಿ ಇದೆ. 1941ರಲ್ಲಿ ಫ್ರಿಟ್ಜ್ ಲಿಪ್‌ಮನ್ ಆ ಬಂಧವನ್ನು ಅಂಕುಡೊಂಕು ಗೆರೆಯಿಂದ ಗುರುತಿಸಿದ ಮೇಲೆ ಆ ಮಾತು ಗಟ್ಟಿಯಾಗಿ ಬೇರೂರಿತು. ಕೋಶದೊಳಗೆ ನಡೆಯುವುದು ಬರೀ ಮುರಿಯುವಿಕೆಯಲ್ಲ. ಎಟಿಪಿ ನೀರಿನೊಂದಿಗೆ ವರ್ತಿಸಿ ಹೊಸ, ಹೆಚ್ಚು ಸ್ಥಿರವಾದ ಬಂಧಗಳು ಏರ್ಪಡುತ್ತವೆ. ಪ್ರತಿ ಮೋಲ್‌ಗೆ ಸಿಗುವ ಸುಮಾರು 30 ಕಿಲೋಜೌಲ್ ಆ ಇಡೀ ವ್ಯವಹಾರದ ಉಳಿಕೆ. ಮುರಿದ ಒಂದು ಬಂಧದ ಹೊಟ್ಟೆಯಿಂದ ಬಂದದ್ದಲ್ಲ.

ಸ್ಫೋಟಕಗಳ ವಿಷಯದಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಸ್ಫೋಟಕದ ಬಂಧಗಳು ಬಹಳ ಗಟ್ಟಿ, ಅದಕ್ಕೇ ಅಷ್ಟು ಶಕ್ತಿ ಎಂದು ಹಲವರು ಭಾವಿಸುತ್ತಾರೆ. ನಿಜ ಇದಕ್ಕೆ ತದ್ವಿರುದ್ಧ. ಅವುಗಳಲ್ಲಿ ಸಾರಜನಕವನ್ನು ಹಿಡಿದಿಟ್ಟ ಬಂಧಗಳು ಹೋಲಿಕೆಯಲ್ಲಿ ದುರ್ಬಲ. ಅವು ಮುರಿದಾಗ ಸಾರಜನಕ ಪರಮಾಣುಗಳು ಜೊತೆಗೂಡಿ ಮೂರು ಪದರದ ಬಂಧ ಕಟ್ಟಿಕೊಳ್ಳುತ್ತವೆ. ಆ ಬಂಧದ ಶಕ್ತಿ 945 ಕಿಲೋಜೌಲ್, ಅಂದರೆ ಹೈಡ್ರೋಜನ್ನಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಕಡಿಮೆ ಖರ್ಚು, ಭಾರಿ ಜಮಾ. 2020ರ ಆಗಸ್ಟ್ 4ರಂದು ಬೇರೂತ್ ಬಂದರಿನಲ್ಲಿ ಸಿಡಿದದ್ದು ವರ್ಷಗಳಿಂದ ಉಗ್ರಾಣದಲ್ಲಿ ಬಿದ್ದಿದ್ದ ಅಮೋನಿಯಂ ನೈಟ್ರೇಟ್. ಅಲ್ಲಿ ಇರಿಸಿದ್ದು ಸುಮಾರು 2,750 ಟನ್.

ಅದೇ ಬಂಧ ಇನ್ನೊಂದು ಕಡೆ ರೈತನ ಜೇಬನ್ನೂ ಮುಟ್ಟುತ್ತದೆ. ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸಲು ಮೊದಲು ಆ 945 ಕಿಲೋಜೌಲ್‌ನ ಬಂಧವನ್ನು ಬಿಡಿಸಬೇಕು. ಫ್ರಿಟ್ಜ್ ಹೇಬರ್ ತೋರಿಸಿಕೊಟ್ಟ ವಿಧಾನದಲ್ಲಿ ಜರ್ಮನಿಯ ಒಪ್ಪಾವ್ ಕಾರ್ಖಾನೆ 1913ರಲ್ಲಿ ಅಮೋನಿಯ ತಯಾರಿಕೆ ಆರಂಭಿಸಿತು. ಕಬ್ಬಿಣದ ಕ್ರಿಯಾವರ್ಧಕ ಇದ್ದರೂ 400 ಡಿಗ್ರಿ ಸೆಲ್ಸಿಯಸ್ ದಾಟಿದ ತಾಪ, ನೂರಕ್ಕೂ ಹೆಚ್ಚು ಪಟ್ಟು ವಾಯುಭಾರ ಬೇಕಾಯಿತು. ಯೂರಿಯಾ ಕಾರ್ಖಾನೆಗಳು ಇಂದಿಗೂ ಈ ದಾರಿಯಲ್ಲೇ ಇವೆ.

ನೊರೆ ಬಂದರೆ ಬಿಸಿಯೇ?

ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿದರೆ ಭುಸ್ಸೆಂದು ನೊರೆ ಏಳುತ್ತದೆ. ಲೋಟವನ್ನು ಮುಟ್ಟಿದರೆ ತಣ್ಣಗಿರುತ್ತದೆ! ಈ ಕ್ರಿಯೆ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಹರಡಿಕೊಳ್ಳುವುದರಿಂದ ಶಾಖದ ಲೆಕ್ಕ ನಷ್ಟದಲ್ಲಿದ್ದರೂ ಕ್ರಿಯೆ ಮುಂದುವರಿಯುತ್ತದೆ. ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಆಗುವುದು ಇದರ ಉಲ್ಟಾ. ಅಲ್ಲಿ ಬೆಂಕಿಯೇ ಇಲ್ಲದೆ ನೀರು ಕುದಿಯುವಷ್ಟು ಬಿಸಿಯೇಳುತ್ತದೆ. ಆರ್ಭಟ ನೋಡಿ ಶಾಖವನ್ನು ಊಹಿಸುವುದು ಸಲ್ಲ. ಶಾಖ ನೋಡಿ ಅಪಾಯವನ್ನು ಊಹಿಸುವುದಂತೂ ಇನ್ನೂ ಸಲ್ಲ.

ಮನೆಯ ಬಚ್ಚಲಿನಲ್ಲಿ ಈ ಮಾತು ಬಹಳ ಮುಖ್ಯ. ಅನೇಕ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಬ್ಲೀಚ್ ದ್ರವದಲ್ಲಿರುವುದು ಸೋಡಿಯಂ ಹೈಪೋಕ್ಲೋರೈಟ್. ಎರಡನ್ನೂ ಬೆರೆಸಿದರೆ ಇನ್ನಷ್ಟು ಚೊಕ್ಕಟವಾಗುತ್ತದೆ ಎಂದುಕೊಳ್ಳುವವರಿದ್ದಾರೆ. ಬೆರೆತಾಗ ಹುಟ್ಟುವುದು ಉಪ್ಪು, ನೀರು ಮತ್ತು ಕ್ಲೋರಿನ್ ಅನಿಲ. ಬ್ಲೀಚಿಂಗ್ ಪೌಡರ್ ಮೇಲೆ ಆ್ಯಸಿಡ್ ಸುರಿದರೂ ಇದೇ ಕಥೆ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಈ ಅನಿಲ ನೆಲದ ಮಟ್ಟದಲ್ಲೇ ನಿಲ್ಲುತ್ತದೆ, ಕಿಟಕಿ ಮುಚ್ಚಿದ ಪುಟ್ಟ ಬಾತ್‌ರೂಮಿನಲ್ಲಿ ಬಗ್ಗಿ ಉಜ್ಜುವವರ ಮುಖದ ಹತ್ತಿರವೇ ಸೇರುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಈಪ್ರ್ ಬಳಿ ಜರ್ಮನ್ ಸೇನೆ ಆಯುಧವಾಗಿ ಬಿಟ್ಟದ್ದು ಇದೇ ಅನಿಲವನ್ನು. ಬ್ಲೀಚನ್ನು ಅಮೋನಿಯ ಇರುವ ಕ್ಲೀನರ್ ಜೊತೆ ಸೇರಿಸಿದರೆ ಕ್ಲೋರಮೀನ್ ಹುಟ್ಟುತ್ತದೆ, ಅದೂ ಶ್ವಾಸಕೋಶಕ್ಕೆ ಹಾನಿಕರ.

ಸಿಂಕಿನ ಪೈಪ್ ಬಿಡಿಸುವ ಪುಡಿಗಳಲ್ಲಿ ಹಲವು ಕಾಸ್ಟಿಕ್ ಸೋಡಾದಿಂದ ಮಾಡಿದವು. ಅವುಗಳನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಬಾರದು. ಲೋಹ ಕರಗಿ ಹೈಡ್ರೋಜನ್ ಹೊರಬರುತ್ತದೆ, ಜೊತೆಗೆ ಚೆನ್ನಾಗಿಯೇ ಬಿಸಿಯಾಗುತ್ತದೆ.

ಎರಡು ಕ್ಲೀನರ್‌ಗಳನ್ನು ಬೆರೆಸಿದ ಮೇಲೆ ಮೂಗಿಗೆ ಘಾಟು ಬಡಿದರೆ, ಕಣ್ಣುರಿ, ಕೆಮ್ಮು ಶುರುವಾದರೆ ಬಕೆಟ್ ಎತ್ತಿ ಚೆಲ್ಲಲು ನಿಲ್ಲದೆ ಕೂಡಲೇ ಹೊರಗೆ ಬಂದು ಬಯಲು ಗಾಳಿ ಸೇರಬೇಕು. ಕಣ್ಣಿಗೆ ತಣ್ಣೀರು ಹಾಕಿ ತೊಳೆಯಬೇಕು. ಉಸಿರಾಟದ ತೊಂದರೆ ಕೆಲವೊಮ್ಮೆ ಗಂಟೆಗಳ ನಂತರವೂ ಕಾಣಿಸಿಕೊಳ್ಳುವುದರಿಂದ, ಕೆಮ್ಮು ಅಥವಾ ಎದೆಬಿಗಿತ ಇದ್ದವರು ಅದು ತಾನಾಗಿ ಹೋಗಲಿ ಎಂದು ಕಾಯದೆ ವೈದ್ಯರ ಬಳಿ ಹೋಗಿ, ಯಾವುದಕ್ಕೆ ಯಾವುದನ್ನು ಬೆರೆಸಿದ್ದು ಎಂಬುದನ್ನು ತಪ್ಪದೆ ಹೇಳಬೇಕು.