ಬಡವರು ಎಲ್ಲಿಗೆ ಹೋದ್ರು?

ಹೋದ ವರ್ಷ ಆಫೀಸಿನ ಕೆಲಸದ ಮೇಲೆ ಎರಡು ವಾರ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿದ್ದೆ. ಟ್ರಂಪಿಂಗ್ಟನ್ ಬೀದಿಯಲ್ಲಿ, ಫಿಟ್ಜ್‌ವಿಲಿಯಂ ಮ್ಯೂಸಿಯಂ ಹತ್ತಿರ, ಸಾಲು ಕಮಾನುಗಳ ಹಳೇ ಕಟ್ಟಡವೊಂದಿದೆ. ಈಗ ಅದು ವಿಶ್ವವಿದ್ಯಾಲಯದ ಜಡ್ಜ್ ಬಿಸಿನೆಸ್ ಸ್ಕೂಲ್. ನ್ಯಾಯಾಧೀಶರಿಗೂ ಅದಕ್ಕೂ ಸಂಬಂಧವಿಲ್ಲ, ದುಡ್ಡು ಕೊಟ್ಟವರ ಹೆಸರು ಅಷ್ಟೆ! ಮೊದಲು ಅದು ಬಡವರ ಆಸ್ಪತ್ರೆಯಾಗಿತ್ತು.

ರಾತ್ರಿ ಫೋನಿನಲ್ಲಿ ಅಮ್ಮನಿಗೆ ಇದನ್ನೇ ಹೇಳಿದೆ. "ಅಯ್ಯೋ, ಆಸ್ಪತ್ರೆ ಮುಚ್ಚಿ ಕಾಲೇಜು ಮಾಡಿದ್ರಾ? ಬಡವರು ಎಲ್ಲಿಗೆ ಹೋದ್ರೋ?" ಅಂದಳು. ನನ್ನ ಬಳಿ ಉತ್ತರವಿರಲಿಲ್ಲ. ಊರಿಗೆ ಬಂದ ಮೇಲೂ ಪ್ರಶ್ನೆ ಬಿಡಲಿಲ್ಲ, ಕೂತು ಓದಿದೆ.

ಜಾನ್ ಆಡನ್‌ಬ್ರೂಕ್ ಎಂಬ ವೈದ್ಯ 1719ರಲ್ಲಿ ಸಾಯುವಾಗ ಸುಮಾರು 4,500 ಪೌಂಡ್ ಬಿಟ್ಟು ಹೋದ. ಕೇಂಬ್ರಿಡ್ಜ್‌ನಲ್ಲಿ ಬಡವರಿಗೊಂದು ಚಿಕ್ಕ ಆಸ್ಪತ್ರೆ ಆಗಬೇಕು ಅನ್ನುವುದು ಉಯಿಲಿನಲ್ಲಿದ್ದ ಆಸೆ. ಅದರ ಬಾಗಿಲು ತೆರೆದದ್ದು 1766ರಲ್ಲಿ. ಅಂದರೆ 47 ವರ್ಷ ಬೇಕಾಯಿತು! (ಸರ್ಕಾರಿ ಕೆಲಸ ನಿಧಾನ ಅಂತ ನಾವೊಬ್ಬರೇ ಬೈಯಬೇಕಾಗಿಲ್ಲ.) 1860ರ ದಶಕದಲ್ಲಿ ಮ್ಯಾಥ್ಯೂ ಡಿಗ್ಬಿ ವ್ಯಾಟ್ ಎಂಬ ವಾಸ್ತುಶಿಲ್ಪಿ ಅದನ್ನು ದೊಡ್ಡದು ಮಾಡಿ, ಮುಂಭಾಗಕ್ಕೆ ಈ ಕಮಾನಿನ ಸಾಲು ಕೊಟ್ಟ.

ಪಾಠ ಕೂಡ ಅಲ್ಲಿಗೆ ಹೊಸದಲ್ಲ. ಆ ಆಸ್ಪತ್ರೆಯ ವೈದ್ಯ ಜಾರ್ಜ್ ಪೇಜೆಟ್, 1842ರಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ರೋಗಿಯ ಹಾಸಿಗೆ ಪಕ್ಕದಲ್ಲೇ ಪರೀಕ್ಷಿಸುವ ಪದ್ಧತಿ ತಂದ. ಅಂದು ಅಲ್ಲಿ 'ಕೇಸ್' ಅಂದರೆ ರೋಗಿ. ಇಂದು 'ಕೇಸ್' ಅಂದರೆ ಯಾವುದೋ ಕಂಪನಿ!

1990ರಲ್ಲಿ ಮ್ಯಾನೇಜ್‌ಮೆಂಟ್ ಶಾಲೆ ಶುರುವಾಯಿತು. ಉದ್ಯಮಿ ಪಾಲ್ ಜಡ್ಜ್ ಮತ್ತವರ ಪತ್ನಿ ಕೊಟ್ಟ 80 ಲಕ್ಷ ಪೌಂಡ್ ಅದಕ್ಕೆ ಬಲವಾಯಿತು. ಹಳೆಯ ಆಸ್ಪತ್ರೆಯನ್ನು ಶಾಲೆಯಾಗಿಸುವ ಕೆಲಸ ಜಾನ್ ಔಟ್ರಂ ಎಂಬ ವಾಸ್ತುಶಿಲ್ಪಿಯದು, ಅದು ಮುಗಿದದ್ದು 1995ರಲ್ಲಿ. ವಾರ್ಡುಗಳ ಕಾಲದ ಕಟ್ಟಡಕ್ಕೆ ಈ ಕಾಲದ ಪೈಪು, ಗಾಳಿಕೊಳವೆ, ವೈರುಗಳನ್ನು ಎಲ್ಲಿಂದ ಎಳೆಯೋದು? ಔಟ್ರಂ ಹೊಸ ಭಾಗಗಳಲ್ಲಿ ದಪ್ಪನೆಯ ಪೊಳ್ಳು ಕಂಬಗಳನ್ನು ನಿಲ್ಲಿಸಿ ಎಲ್ಲವನ್ನೂ ಅವುಗಳೊಳಗೇ ಹಾಯಿಸಿಬಿಟ್ಟ. ಹಳೇ ಕೋಡ್ ಮುಟ್ಟದೆ ಹೊಸ ಫೀಚರ್ ಸೇರಿಸಲು ಒದ್ದಾಡುವ ನನ್ನಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಒಳಗಿನ ಬಣ್ಣಗಳೋ, ಜಾತ್ರೆಯ ತೇರೇ! ಜಾಗ ಸಾಲದಾದಾಗ 2018ರಲ್ಲಿ ಸೈಮನ್ ಸೇನ್ಸ್‌ಬರಿ ಸೆಂಟರ್ ಎಂಬ ಹೊಸ ಭಾಗ ಸೇರಿತು. ಸ್ಟ್ಯಾಂಟನ್ ವಿಲಿಯಮ್ಸ್ ಸಂಸ್ಥೆಯ ಈ ವಿನ್ಯಾಸದಲ್ಲಿ ಬಣ್ಣದ ಗಲಾಟೆಯಿಲ್ಲ.

ಸರಿ, ಬಡವರು? ಉತ್ತರ ಇಸವಿಗಳಲ್ಲೇ ಇದೆ. 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಬಂದು ಆಸ್ಪತ್ರೆ ಚಿಕಿತ್ಸೆ ಎಲ್ಲರಿಗೂ ಉಚಿತವಾಯಿತು. 1962ರಲ್ಲಿ ಹಿಲ್ಸ್ ರಸ್ತೆಯಲ್ಲಿ ಹೊಸ ಆಡನ್‌ಬ್ರೂಕ್ಸ್ ಆಸ್ಪತ್ರೆ ಉದ್ಘಾಟನೆಯಾಯಿತು. ಹಳೆಯದನ್ನು ಪೂರ್ತಿ ಮುಚ್ಚಿದ್ದು 1984ರಲ್ಲಿ. ಅಂದರೆ ಹೊಸದು ತೆರೆದು 22 ವರ್ಷವಾದ ಮೇಲೆ. ಬಿಸಿನೆಸ್ ಪಾಠ ಬಂದದ್ದು ಇದೆಲ್ಲ ಆದ ಮೇಲೆಯೇ.

ಹಳೇ ಕಟ್ಟಡ ಉಳಿಸೋದು ಅಂದರೆ ಗೋಡೆ, ಕಮಾನು ಉಳಿಸೋದು ಅಂತಲೇ ನಾನು ತಿಳಿದಿದ್ದೆ. ಆ ಕಟ್ಟಡ ಮಾಡುತ್ತಿದ್ದ ಕೆಲಸಕ್ಕೆ ಮೊದಲು ಬೇರೆ ನೆಲೆ ತೋರಿಸೋದು ಅದಕ್ಕಿಂತ ದೊಡ್ಡದು ಅಂತ ಈಗ ಅನ್ನಿಸುತ್ತೆ. ಆಡನ್‌ಬ್ರೂಕ್ ದುಡ್ಡು ಬಿಟ್ಟು ಹೋಗಿದ್ದು ಕಮಾನುಗಳಿಗಲ್ಲ, ಕಾಯಿಲೆ ಬಿದ್ದ ಬಡವರಿಗೆ. ಅದಕ್ಕೇ ಇರಬೇಕು, ಅವನ ಹೆಸರೂ ರೋಗಿಗಳ ಜೊತೆ ಹಿಲ್ಸ್ ರಸ್ತೆಗೆ ಹೋಯಿತು.

ಅಮ್ಮನಿಗೆ ಇಷ್ಟನ್ನೂ ಹೇಳಿದೆ. "ಹಂಗಾದ್ರೆ ಸರಿ ಬಿಡು" ಅಂದಳು.

ನಿಮ್ಮೂರಲ್ಲೂ ಹಳೇ ಆಸ್ಪತ್ರೆಯೋ ಶಾಲೆಯೋ ಇನ್ನೇನೋ ಆಗಿದ್ದರೆ, ಅಲ್ಲಿದ್ದವರು ಎಲ್ಲಿಗೆ ಹೋದರು ಅಂತ ಯಾರಾದರೂ ಕೇಳಿದ್ದರಾ? ಗೊತ್ತಿದ್ದರೆ ಬರೆಯಿರಿ.