‘ಪೇಟೆಂಟ್ ಪಡೆದ’ ಮೊಣಕಾಲು ಸ್ಕ್ಯಾನ್ ಬೆಲ್ಟ್: ಪೇಟೆಂಟ್ ಇದ್ದರೆ ಸರ್ಕಾರ ಗ್ಯಾರಂಟಿ ಕೊಟ್ಟಂತೆಯೇ?

“ಮೊಣಕಾಲಿಗೆ ಕಟ್ಟಿಕೊಂಡರೆ ಸಾಕು, ಒಳಗಿನ ಸವೆತ ಮೊಬೈಲ್‌ನಲ್ಲಿ ಕಾಣುತ್ತದೆ, ನೋವೂ ಹೋಗುತ್ತದೆ. ಪೇಟೆಂಟ್ ಪಡೆದ ಅಲ್ಟ್ರಾಸೌಂಡ್ ಬೆಲ್ಟ್, ಸರ್ಕಾರದ ಮಾನ್ಯತೆ ಇದೆ.” ಈ ಧಾಟಿಯ ಸಂದೇಶಗಳು ವಾಟ್ಸ್‌ಆಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತವೆ. ಜೊತೆಗೆ ಒಂದು ಪ್ರಮಾಣಪತ್ರದ ಫೋಟೊ, ಒಂದು ಫೋನ್ ನಂಬರ್. ಸಿಂಧನೂರಿನ ಓದುಗರೊಬ್ಬರು ಅಂಥದ್ದನ್ನೇ ನಮಗೆ ಕಳಿಸಿ ಕೇಳಿದ್ದರು: “ನಮ್ಮವ್ವಗ ತರಸಬೇಕಂತ ಮಾಡೀನ್ರಿ. ಪೇಟೆಂಟ್ ಐತಿ ಅಂದ್ರ ಸರ್ಕಾರದವ್ರು ಚೆಕ್ ಮಾಡಿರ್ತಾರಲ್ರಿ?”

ಚುಟುಕಾಗಿ ಹೇಳುವುದಾದರೆ: ಚೆಕ್ ಮಾಡುತ್ತಾರೆ, ಆದರೆ ನೀವು ಅಂದುಕೊಂಡಿದ್ದನ್ನಲ್ಲ. ಪೇಟೆಂಟ್ ಕಚೇರಿ ಕೇಳುವ ಮುಖ್ಯ ಪ್ರಶ್ನೆ “ಇದು ಹೊಸದೇ?” ಎಂಬುದು. “ಇದರಿಂದ ಅವ್ವನ ಮೊಣಕಾಲು ವಾಸಿಯಾಗುತ್ತದೆಯೇ?” ಎಂಬುದಲ್ಲ. ವಿವರವಾಗಿ ನೋಡೋಣ.

ಇಂಥ ಸಾಧನ ನಿಜವಾಗಿ ಇದೆಯೇ?

ಧರಿಸಬಹುದಾದ ಅಲ್ಟ್ರಾಸೌಂಡ್ ಕಟ್ಟುಕತೆಯಲ್ಲ. 2022ರ ಜುಲೈನಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಅಂಚೆಚೀಟಿ ಗಾತ್ರದ ಅಲ್ಟ್ರಾಸೌಂಡ್ ಸ್ಟಿಕ್ಕರ್ ಒಂದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಚರ್ಮಕ್ಕೆ ಅಂಟಿಸಿದರೆ ಅದು 48 ಗಂಟೆಗಳವರೆಗೆ ಹೃದಯ, ಶ್ವಾಸಕೋಶ, ಸ್ನಾಯುಗಳಂಥ ಅಂಗಗಳ ಚಿತ್ರ ಕೊಡಬಲ್ಲದಾಗಿತ್ತು. ಆದರೆ ಆಗ ಅದನ್ನು ವೈರಿನ ಮೂಲಕ ಬೇರೆ ಯಂತ್ರಕ್ಕೆ ಜೋಡಿಸಬೇಕಿತ್ತು. ಕೀಲುಗಳ ಮೇಲೆ ನಿಗಾ ಇಡುವ ಪಟ್ಟಿಗಳ ಬಗ್ಗೆಯೂ ಹಲವು ದೇಶಗಳಲ್ಲಿ ಸಂಶೋಧನೆ ನಡೆದಿದೆ.

ಇದು ಕೆಲಸ ಮಾಡುವ ಬಗೆ ಹೀಗೆ. ನಮ್ಮ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದ ತರಂಗಗಳನ್ನು ಒಳಗೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಕಟ್ಟಲಾಗುತ್ತದೆ. ಕೀಲಿನ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಸೆಕೆಂಡಿಗೆ 70 ಲಕ್ಷದಿಂದ 1.5 ಕೋಟಿ ಕಂಪನಗಳ ತರಂಗ ಬಳಸುತ್ತಾರೆ. ಈ ತರಂಗ ಗಾಳಿಯನ್ನು ದಾಟುವುದಿಲ್ಲ, ಅದಕ್ಕೇ ಸ್ಕ್ಯಾನಿಂಗ್ ಮಾಡುವವರು ಜೆಲ್ ಹಚ್ಚುತ್ತಾರೆ. ಎಲುಬಿಗೆ ಬಡಿದರೆ ಬಹುಪಾಲು ಹಿಂದಕ್ಕೆ ಬರುತ್ತದೆ. ಹಾಗಾಗಿ ಕೀಲಿನಲ್ಲಿ ನೀರು ತುಂಬಿರುವುದು, ಒಳಪೊರೆ ಊದಿರುವುದು, ಸ್ನಾಯುರಜ್ಜು ಹರಿದಿರುವುದು ಇದರಲ್ಲಿ ಕಾಣುತ್ತದೆ. ಎಲುಬಿನ ಒಳಭಾಗ ಕಾಣುವುದಿಲ್ಲ. ಬಟ್ಟೆಯ ಮೇಲೆ ಒಣಗಾಲಿಗೆ ಕಟ್ಟಿಕೊಂಡು “ಎಲುಬಿನ ಒಳಗಿನ ಸವೆತ ನೋಡಿ” ಎನ್ನುವ ಬೆಲ್ಟ್ ಭೌತಶಾಸ್ತ್ರಕ್ಕೇ ಒಪ್ಪುವುದಿಲ್ಲ.

ಇನ್ನೊಂದು ಗೊಂದಲವಿದೆ. ನೋಡುವ ಅಲ್ಟ್ರಾಸೌಂಡ್ ಬೇರೆ, ಫಿಸಿಯೋಥೆರಪಿಯಲ್ಲಿ ಶಾಖಕ್ಕೆ ಬಳಸುವ ಅಲ್ಟ್ರಾಸೌಂಡ್ ಬೇರೆ. ಚಿತ್ರ ತೆಗೆಯುವುದರಿಂದ ನೋವು ಹೋಗುವುದಿಲ್ಲ. ಕನ್ನಡಿ ನೋಡಿಕೊಂಡರೆ ಗಾಯ ಮಾಯುವುದಿಲ್ಲವಲ್ಲ, ಹಾಗೆ. ಚಿಕಿತ್ಸೆಯ ಅಲ್ಟ್ರಾಸೌಂಡ್ ಬಗ್ಗೆಯೂ ಎಚ್ಚರ ಬೇಕು. ಲಾಭವಿದೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು, ಮೊಣಕಾಲು ಸವೆತಕ್ಕೆ ಅದನ್ನು ಕೊಡಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಹೇಳುತ್ತದೆ.

ಪೇಟೆಂಟ್ ಅರ್ಜಿ ಹಾಕಿದ ಮೇಲೆ ಏನಾಗುತ್ತದೆ?

ಭಾರತದ ಪೇಟೆಂಟ್ ಕಚೇರಿ ಕೋಲ್ಕತ್ತಾ, ದೆಹಲಿ, ಮುಂಬೈ, ಚೆನ್ನೈಗಳಲ್ಲಿದೆ. ಕರ್ನಾಟಕದ ಅರ್ಜಿಗಳು ಚೆನ್ನೈಗೆ ಹೋಗುತ್ತವೆ. ಲಿಂಗಸುಗೂರಿನಲ್ಲಿ ಕುಳಿತು ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಅಲ್ಲಿಂದ ಮುಂದೆ ನಾಲ್ಕು ಹಂತಗಳಿವೆ:

1. ಅರ್ಜಿ ಸಲ್ಲಿಕೆ: ಹಣ ಕಟ್ಟಿ ಅರ್ಜಿ ಹಾಕಿದವರಿಗೆಲ್ಲ ಸಂಖ್ಯೆ ಸಿಗುತ್ತದೆ. ಇದು ಬರೀ ರಸೀದಿ ಇದ್ದಂತೆ.
2. ಪ್ರಕಟಣೆ: ಸಾಮಾನ್ಯವಾಗಿ 18 ತಿಂಗಳ ನಂತರ ಅರ್ಜಿಯನ್ನು ಪೇಟೆಂಟ್ ಜರ್ನಲ್‌ನಲ್ಲಿ ಪ್ರಕಟಿಸುತ್ತಾರೆ. ಬೇಗ ಪ್ರಕಟಿಸಿ ಎಂದು ಕೋರಿಕೊಳ್ಳಲೂಬಹುದು. ಈ ಹಂತದಲ್ಲಿ ಯಾರೂ ಅದರ ಗುಣ ನೋಡಿರುವುದಿಲ್ಲ.
3. ಪರೀಕ್ಷೆ: ಇದು ತಾನಾಗಿ ನಡೆಯುವುದಿಲ್ಲ, ಬೇರೆ ಅರ್ಜಿ ಮತ್ತು ಶುಲ್ಕ ಬೇಕು. ಮೊದಲು ಇದಕ್ಕೆ 48 ತಿಂಗಳ ಗಡುವಿತ್ತು. 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರದ ಅರ್ಜಿಗಳಿಗೆ ಅದು 31 ತಿಂಗಳು. ಗಡುವು ಮೀರಿದರೆ ಅರ್ಜಿ ಹಿಂಪಡೆದಂತೆ. ಪರೀಕ್ಷಕರು ಆಕ್ಷೇಪಗಳ ವರದಿ ಕಳಿಸುತ್ತಾರೆ, ಅರ್ಜಿದಾರರು 6 ತಿಂಗಳೊಳಗೆ ಉತ್ತರಿಸಬೇಕು. ಇನ್ನೂ 3 ತಿಂಗಳು ವಿಸ್ತರಣೆ ಕೇಳಬಹುದು.
4. ಮಂಜೂರು ಅಥವಾ ತಿರಸ್ಕಾರ: ಮಂಜೂರಾದರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಹಕ್ಕು. ಅದಕ್ಕೆ ಆಗಾಗ ನವೀಕರಣ ಶುಲ್ಕ ಕಟ್ಟುತ್ತಿರಬೇಕು.

ಫಾರ್ವರ್ಡ್‌ಗಳಲ್ಲಿ ‘ಪೇಟೆಂಟ್ ಪಡೆದ’ ಎಂದು ಮೆರೆಯುವ ಎಷ್ಟೋ ಕಾಗದಗಳು ಮೊದಲ ಅಥವಾ ಎರಡನೇ ಹಂತದವು. ಕಾಲೇಜುಗಳ ಅಭಿನಂದನಾ ಬ್ಯಾನರ್‌ನಲ್ಲಿ ಬರುವ ‘ಪೇಟೆಂಟ್ ಪ್ರಕಟವಾಗಿದೆ’ ಎಂಬುದರ ಅರ್ಥವೂ ಇಷ್ಟೇ.

ಪರೀಕ್ಷಕರು ಏನು ನೋಡುತ್ತಾರೆ?

ಮೊದಲನೆಯದು ಹೊಸತನ. ಜಗತ್ತಿನ ಯಾವ ಮೂಲೆಯಲ್ಲಾದರೂ ಇದೇ ಸಾಧನ ಮೊದಲೇ ಬಹಿರಂಗವಾಗಿದ್ದರೆ ಪೇಟೆಂಟ್ ಇಲ್ಲ. ನಮ್ಮೂರಿನ ವಿದ್ಯಾರ್ಥಿಯೊಬ್ಬ ತಾನು ಮಾಡಿದ ಬೆಲ್ಟ್‌ನ ವಿಡಿಯೊವನ್ನು ಅರ್ಜಿಗೆ ಮೊದಲೇ ಯೂಟ್ಯೂಬ್‌ಗೆ ಹಾಕಿದರೆ, ಆ ವಿಡಿಯೊವೇ ಅವನಿಗೆ ಅಡ್ಡ ಬರಬಹುದು. ಮೊದಲು ಅರ್ಜಿ, ಆಮೇಲೆ ವಿಡಿಯೊ.

ಎರಡನೆಯದು ಆವಿಷ್ಕಾರದ ಹೆಜ್ಜೆ. ಮೊಣಕಾಲು ಪಟ್ಟಿ ಹಳೆಯದು, ಅಲ್ಟ್ರಾಸೌಂಡ್ ಪ್ರೋಬ್ ಹಳೆಯದು. ಎರಡನ್ನೂ ಹೊಲಿದು ಜೋಡಿಸಿದ್ದು ಆ ಕ್ಷೇತ್ರ ಬಲ್ಲವರಿಗೆ ಸಹಜವಾಗಿ ಹೊಳೆಯುವ ಸಂಗತಿ ಎಂದು ಪರೀಕ್ಷಕರು ಕೇಳಬಹುದು. ನಡೆಯುವಾಗ ಪ್ರೋಬ್ ಸರಿದರೂ ಚಿತ್ರ ಕೆಡದಂತೆ ಹೊಸ ರಚನೆ ಮಾಡಿದ್ದರೆ ಉತ್ತರಕ್ಕೆ ಬಲ ಬರುತ್ತದೆ. ಮೂರನೆಯದು, ಅದನ್ನು ತಯಾರಿಸಲು ಇಲ್ಲವೇ ಉದ್ಯಮದಲ್ಲಿ ಬಳಸಲು ಸಾಧ್ಯವೇ ಎಂಬುದು.

ಇದರ ಮೇಲೆ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಇದೆ. ರೋಗ ಪತ್ತೆ ಮಾಡುವ ಅಥವಾ ಚಿಕಿತ್ಸೆ ಕೊಡುವ ವಿಧಾನಕ್ಕೆ ಪೇಟೆಂಟ್ ಸಿಗುವುದಿಲ್ಲ. ವೈದ್ಯರು ರೋಗಿಯನ್ನು ನೋಡುವ ರೀತಿಗೆ ಯಾರೂ ಬೇಲಿ ಹಾಕಬಾರದು ಎಂಬುದು ಇದರ ಹಿಂದಿನ ಕಾಳಜಿ. ಆದರೆ ಸಾಧನಕ್ಕೆ ಸಿಗಬಹುದು. ಹಾಗೆಯೇ ಬರೀ ಗಣಿತ ಸೂತ್ರಕ್ಕಾಗಲಿ, ಬರೀ ಕಂಪ್ಯೂಟರ್ ಪ್ರೋಗ್ರಾಮಿಗಾಗಲಿ ಇಲ್ಲ. ಆದ್ದರಿಂದ “ಸಂಧಿವಾತ ಕಂಡುಹಿಡಿಯುವ ವಿಧಾನ” ಎಂದು ಬರೆದ ಬೇಡಿಕೆ ಬಿದ್ದುಹೋಗಬಹುದು, “ಇಂಥ ರಚನೆಯ ಪಟ್ಟಿ” ಎಂದು ಬರೆದದ್ದು ಉಳಿಯಬಹುದು.

ಈ ಗೆರೆ ಎಲ್ಲಿದೆ ಎಂಬ ವಾದ ನ್ಯಾಯಾಲಯಕ್ಕೂ ಹೋಗಿದೆ. ಹಾಂಗ್‌ಕಾಂಗ್‌ನ ಚೈನೀಸ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2023ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. ದೇಹದ ಹೊರಗೆ ಮಾಡುವ ಪರೀಕ್ಷೆಯೂ ‘ರೋಗ ಪತ್ತೆ’ಯ ನಿಷೇಧದೊಳಗೆ ಬರಬಹುದು, ಆದರೆ ಆ ವಿಧಾನವೇ ರೋಗವನ್ನು ಗುರುತಿಸುವಂತಿದೆಯೇ ಎಂಬುದನ್ನು ನೋಡಬೇಕು ಎಂಬುದು ಅದರ ಸಾರ.

ಇಷ್ಟೆಲ್ಲದರಲ್ಲಿ ಪರೀಕ್ಷಕರು ಬೆಲ್ಟನ್ನು ಯಾರ ಕಾಲಿಗೂ ಕಟ್ಟಿ ನೋಡುವುದಿಲ್ಲ. ಅವರ ಮುಂದಿರುವುದು ಕಾಗದ ಮತ್ತು ಚಿತ್ರಗಳು.

ಕಾನೂನೇ ಹೇಳಿದೆ: ಇದು ಖಾತರಿ ಅಲ್ಲ

ಕಾಯ್ದೆಯ ಸೆಕ್ಷನ್ 13(4) ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಈ ಪರೀಕ್ಷೆ ನಡೆದ ಮಾತ್ರಕ್ಕೆ ಪೇಟೆಂಟ್ ಸಿಂಧು ಎಂದು ಖಾತರಿ ಕೊಟ್ಟಂತಲ್ಲ, ಅದಕ್ಕೆ ಸರ್ಕಾರ ಹೊಣೆಯೂ ಅಲ್ಲ. ಮಂಜೂರಾದ ಒಂದು ವರ್ಷದೊಳಗೆ ಆಸಕ್ತ ವ್ಯಕ್ತಿಗಳು ಆಕ್ಷೇಪ ಸಲ್ಲಿಸಬಹುದು, ಆಮೇಲೂ ರದ್ದತಿ ಕೋರಬಹುದು.

ಕೊಟ್ಟ ಪೇಟೆಂಟ್ ತಪ್ಪಾಗಿರಬಹುದು ಎಂಬುದಕ್ಕೆ ನಮ್ಮ ಅಡುಗೆಮನೆಯದೇ ಉದಾಹರಣೆ ಇದೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಭಾರತದ ಸಿಎಸ್‌ಐಆರ್ ಹಳೆಯ ಗ್ರಂಥಗಳ ದಾಖಲೆ ಮುಂದಿಟ್ಟು ಪ್ರಶ್ನಿಸಿತು. 1997ರಲ್ಲಿ ಅದು ರದ್ದಾಯಿತು.

ಮಾರಲು ಬೇಕಾದ ಅನುಮತಿ ಬೇರೆಯೇ

ಸಾಧನ ಸುರಕ್ಷಿತವೇ, ಹೇಳಿದಂತೆ ಕೆಲಸ ಮಾಡುತ್ತದೆಯೇ ಎಂಬುದು ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ, ಅಂದರೆ ಸಿಡಿಎಸ್‌ಸಿಒ ವ್ಯಾಪ್ತಿಯ ಪ್ರಶ್ನೆ. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅಪಾಯದ ಮಟ್ಟ ನೋಡಿ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತವೆ. ಪರವಾನಗಿ ಪಡೆದ ಸಾಧನದ ಲೇಬಲ್ ಮೇಲೆ ತಯಾರಿಕೆ ಅಥವಾ ಆಮದು ಪರವಾನಗಿ ಸಂಖ್ಯೆ ಇರಬೇಕು.

ಅಲ್ಟ್ರಾಸೌಂಡ್‌ಗೆ ಇನ್ನೊಂದು ಕಾನೂನೂ ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಂತೆ, ಭ್ರೂಣದ ಲಿಂಗ ತಿಳಿಯಲು ಬಳಸಬಹುದಾದ ಸ್ಕ್ಯಾನಿಂಗ್ ಯಂತ್ರವನ್ನು ನೋಂದಣಿ ಇಲ್ಲದವರಿಗೆ ಮಾರುವಂತಿಲ್ಲ. “ಹೊಟ್ಟೆ, ಮೊಣಕಾಲು, ಎಲ್ಲ ನೋಡಬಹುದು, ಮನೆಗೇ ಕೊರಿಯರ್” ಎಂದು ಯಾರಾದರೂ ಹೇಳಿದರೆ ಎರಡೇ ಸಾಧ್ಯತೆ. ಒಂದೋ ಅದು ಸ್ಕ್ಯಾನರೇ ಅಲ್ಲ, ಇಲ್ಲವೇ ಆ ಮಾರಾಟವೇ ಅಪರಾಧ.

ನಿಮ್ಮ ಫೋನಿನಲ್ಲೇ ಪರಿಶೀಲಿಸಿ

ಪ್ರಮಾಣಪತ್ರದ ಫೋಟೊ ಬಂದರೆ ಮೊದಲು ಸಂಖ್ಯೆ ನೋಡಿ.

• 12 ಅಂಕಿಗಳಿದ್ದರೆ ಅದು ಅರ್ಜಿ ಸಂಖ್ಯೆ. ಮೊದಲ ನಾಲ್ಕು ಅಂಕಿ ವರ್ಷ, ಐದನೆಯದು ಕಚೇರಿ. ಐದನೆಯ ಅಂಕಿ 4 ಆಗಿದ್ದರೆ ಚೆನ್ನೈ. ಈಚೆಗೆ ಮಂಜೂರಾದ ಪೇಟೆಂಟ್‌ಗಳ ಸಂಖ್ಯೆ 6 ಅಂಕಿಯದು.
• ಸಂಖ್ಯೆಯನ್ನು ಐಪಿ ಇಂಡಿಯಾ ಜಾಲತಾಣದ ‘ಇನ್‌ಪಾಸ್’ ಹುಡುಕಾಟದಲ್ಲಿ ಹಾಕಿ. ಅರ್ಜಿ ಈಗ ಯಾವ ಸ್ಥಿತಿಯಲ್ಲಿದೆ ಎಂದು ಉಚಿತವಾಗಿ ತಿಳಿಯುತ್ತದೆ.
• ಹೆಸರು, ಶೀರ್ಷಿಕೆ ತಾಳೆ ನೋಡಿ. ಬೇರೆ ಯಾವುದೋ ವಸ್ತುವಿನ ಪೇಟೆಂಟ್ ತೋರಿಸಿರಬಹುದು.
• ‘ಡಿಸೈನ್ ನೋಂದಣಿ’ ಎಂದಿದ್ದರೆ ಅದು ಆಕಾರ, ಅಂದಕ್ಕೆ ಮಾತ್ರ. ಟ್ರೇಡ್‌ಮಾರ್ಕ್ ಎಂದಿದ್ದರೆ ಬ್ರಾಂಡಿನ ಗುರುತಿಗೆ ಮಾತ್ರ.
• ಅಮೆರಿಕದ ಪೇಟೆಂಟ್ ಭಾರತದಲ್ಲಿ ನಡೆಯುವುದಿಲ್ಲ. ಪೇಟೆಂಟ್ ಆಯಾ ದೇಶಕ್ಕೆ ಸೀಮಿತ.

ಪೇಟೆಂಟ್ ಇಲ್ಲದೆ ಇದೆ ಎಂದು ಹೇಳಿ ಮಾರುವುದು ಕಾಯ್ದೆಯ 120ನೇ ಸೆಕ್ಷನ್ ಪ್ರಕಾರ ತಪ್ಪು. 2023ರ ಜನ ವಿಶ್ವಾಸ್ ತಿದ್ದುಪಡಿ ಕಾಯ್ದೆ ಇದರ ದಂಡವನ್ನು 10 ಲಕ್ಷ ರೂಪಾಯಿವರೆಗೆ ಏರಿಸಿದೆ.

ಬೆಲ್ಟ್‌ಗಿಂತ ಮೊದಲು ಮೊಣಕಾಲು

ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರು ಭಾಗದಲ್ಲಿ ಕೆಸರಿನಲ್ಲಿ ಬಗ್ಗಿ ಭತ್ತ ನಾಟಿ ಮಾಡುವವರು, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯಲ್ಲಿ ದುಡಿದವರು, ಮಸ್ಕಿಯ ಹೊಲಗಳಲ್ಲಿ ಕುಕ್ಕರಗಾಲಲ್ಲಿ ಕಳೆ ತೆಗೆಯುವವರು, ಇವರಿಗೆ ಮೊಣಕಾಲು ನೋವು ಹೊಸದಲ್ಲ. ಆದರೆ ಎಲ್ಲ ನೋವೂ ಸವೆತವಲ್ಲ. ರಾಯಚೂರು ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಇದಕ್ಕಿಂತ ಬಹಳ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಕುತ್ತಿಗೆ, ಬೆನ್ನು, ಮೊಣಕಾಲು ಬಿಗಿಯಾಗುವ ಫ್ಲೋರೋಸಿಸ್ ಬರಬಹುದು. ಅಲ್ಲಿ ಬೇಕಾದದ್ದು ನೀರಿನ ಪರೀಕ್ಷೆ. ಬೆಲ್ಟ್ ತರಿಸಿ ಆರು ತಿಂಗಳು ಕಾದರೆ ಅದೇ ನೀರನ್ನು ಆರು ತಿಂಗಳು ಹೆಚ್ಚಿಗೆ ಕುಡಿದಂತಾಗುತ್ತದೆ.

ಮೊಣಕಾಲು ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಹಲವು ಕೀಲುಗಳು ಬೆಳಗಿನ ಹೊತ್ತು ತುಂಬ ಹೊತ್ತು ಬಿಗಿದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಸಿಂಧನೂರು, ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಗಳಿವೆ, ಹೆಚ್ಚಿನ ತಪಾಸಣೆಗೆ ರಾಯಚೂರಿನ ರಿಮ್ಸ್ ಇದೆ. ಸವೆತವೇ ಆಗಿದ್ದರೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮತ್ತು ತೂಕದ ಹತೋಟಿಯೇ ಚಿಕಿತ್ಸೆಯ ಬುನಾದಿ. ಇವೆರಡಕ್ಕೂ ಪೇಟೆಂಟ್ ಇಲ್ಲ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ: ಪೇಟೆಂಟ್ ಎಂದರೆ “ಇದನ್ನು ಬೇರೆಯವರು ನಕಲು ಮಾಡಬಾರದು” ಎಂಬ ಹಕ್ಕು. “ಇದನ್ನು ನೀವು ನಂಬಬಹುದು” ಎಂಬ ಮುದ್ರೆಯಲ್ಲ. ಮಾರುವವರನ್ನು ಪೇಟೆಂಟ್ ಸಂಖ್ಯೆಯ ಜೊತೆ ಸಿಡಿಎಸ್‌ಸಿಒ ಪರವಾನಗಿ ಸಂಖ್ಯೆಯನ್ನೂ ಕೇಳಿ. ಎರಡನೆಯದು ಬರದಿದ್ದರೆ ಹಣ ಕಳಿಸಬೇಡಿ.